ಇಸಿಲದ ಸುತ್ತೋಲೆ



ಕಚೇರಿ ಕಾರ್ಖಾನೆಗಳ ಕನ್ನಡ ಸಂಘಗಳ ಪ್ರತಿನಿಧಿಗಳು ಸೇರಿರುವ ಈ ಸಭೆಯ ಪೀಠದಲ್ಲಿ ಕುಳಿತು ಮಾತನಾಡತಕ್ಕವನು ಮೊದಲು ತನ್ನ ಅನರ್ಹತೆಯನ್ನು ನಿವೇದಿಸಿಕೊಳ್ಳಬೇಕೆಂಬುದು ಸಂಪ್ರದಾಯ. ಆದರೆ ಆಯ್ಕೆಯ ಸಮಿತಿ, ಅದರ ಉಪಸಮಿತಿ, ಉಪಸಮಿತಿಯ ತೀರ್ಮಾನವನ್ನು ಪರಿಶೀಲಿಸಲು ನೇಮಕಗೊಂಡ ಮತ್ತೊಂದು ಸಮಿತಿ, ಇಷ್ಟು ಜನ ಒಪ್ಪಿ ರುಜು ಹಾಕಿದ ಮೇಲೆ ನಾನೊಬ್ಬನೇ ಅನರ್ಹತೆಯನ್ನು ಪ್ರತಿಪಾದಿಸಹೊರಡುವುದು ಕಚೇರಿಯ ಶಿಸ್ತಿಗೆ ಭಂಗವಾದೀತಾದ್ದರಿಂದ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಅದರ ನೆರೆಯ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರೆಡೆಗಳಲ್ಲಿ ಬಂಡೆಯ ಮೇಲೆ ಕೊರೆದ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಅವುಗಳ ಆರಂಭವನ್ನು ನಮ್ಮಂಥ ಕಚೇರಿಯ ಜನ ಓದುವಷ್ಟು ಆತ್ಮೀಯತೆಯಿಂದ ಇತಿಹಾಸಜ್ಞರೂ ಓದಲಾರರು. ಏಕೆಂದರೆ ಅಲ್ಲಿ ಧರ್ಮಕ್ಕಿಂತ ಮುಂಚೆ ರವಾನೆಯ ಒಕ್ಕಣೆ ಬರುತ್ತದೆ. ಪ್ರಾಂತದ ರಾಜಧಾನಿ ಸುವರ್ಣಗಿರಿಯಿಂದ ರಾಜಕುಮಾರನಾದ ಆರ್ಯಪುತ್ರನೂ ಅಲ್ಲಿಯ ಅಧಿಕಾರಿಗಳಾದ ಮಹಾಮಾತ್ರರೂ ಇಸಿಲವೆಂಬ ಊರಿನ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ದೇವಾನಾಂಪ್ರಿಯನು, ಎಂದರೆ ಚಕ್ರವರ್ತಿಯು, ಹೀಗೆ ಆಜ್ಞಾಪಿಸುತ್ತಾನೆಂದು ತಿಳಿಸುತ್ತಾರೆ. ಕೇಂದ್ರ ಕಚೇರಿ, ಪ್ರಾಂತ ಕಚೇರಿ, ಶಾಖಾ ಕಚೇರಿ, ಮೂರು ಮೆಟ್ಟಿಲುಗಳೂ ಇಲ್ಲಿವೆ. ನಾವು ದಿನವೂ ಬರೆದು ಎಂದೂ ಉತ್ತರ ನಿರೀಕ್ಷಿಸದ ಕುಶಲಪ್ರಶ್ನೆಯೂ ಇದೆ. ಆದಕಾರಣ ಅಧಿಕಾರಶ್ರೇಣಿಯೆಂಬುದು ಕಂಪನಿಗಳು ಹುಟ್ಟಿಸಿದ ವ್ಯಾಧಿಯೆಂದು ದೂರುವವರ ಪಕ್ಷವನ್ನು ನಾನು ವಹಿಸಲಾರೆ. ನನ್ನನ್ನು ಬೆರಗುಗೊಳಿಸುವ ಸಂಗತಿ ಬೇರೆ: ಮೂರು ಕಚೇರಿಗಳನ್ನು ದಾಟಿ ಬಂದ ಈ ಸುತ್ತೋಲೆಯಲ್ಲಿ ಅದನ್ನು ಹೊರಡಿಸಿದ ಮನುಷ್ಯ ಇನ್ನೂ ಉಳಿದಿದ್ದಾನೆ.

ಅದೇ ಸುತ್ತೋಲೆ ಇಂದು ನಮ್ಮ ಯಾವುದಾದರೊಂದು ದೊಡ್ಡ ಕಂಪನಿಯ ಅನುಮೋದನೆಗೆ ಬಂದಿತೆಂದು ಭಾವಿಸೋಣ. ತಾನು ಎರಡೂವರೆ ವರ್ಷಕ್ಕಿಂತ ಅಧಿಕಕಾಲದಿಂದ ಉಪಾಸಕನಾಗಿದ್ದರೂ ಒಂದು ವರ್ಷ ಹೇಳಿಕೊಳ್ಳುವಂಥ ಪರಿಶ್ರಮವನ್ನೇನೂ ಮಾಡಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ಶ್ರಮಿಸುತ್ತಿರುವೆನೆಂದೂ ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ್ದಾನೆ. ಎಚ್.ಆರ್. ವಿಭಾಗದವರು ಈ ವಾಕ್ಯವನ್ನು ಕಂಡು ಬೆವರುವರು. ವರ್ಷಾಂತ್ಯದ ಅಪ್ರೈಸಲ್ ಪತ್ರದಲ್ಲಿ ಗುಮಾಸ್ತೆಯೂ ಬರೆಯದ ಮಾತನ್ನು ಅಧಿಪತಿಯೇ ಬರೆಯುವುದುಂಟೆ! ಮೂರು ಮೀಟಿಂಗುಗಳಾದ ಮೇಲೆ ಅದು 'ಪ್ರಥಮ ಅವಧಿಯಲ್ಲಿ ಭದ್ರವಾದ ಬುನಾದಿಯನ್ನು ಹಾಕಲಾಯಿತು' ಎಂದು ಪರಿಷ್ಕೃತವಾಗಿ ಹೊರಬರುವುದು.

ಒಂದು ವಾಕ್ಯ ಮಾತ್ರ ಎಲ್ಲರಿಗೂ ಪರಮಪ್ರಿಯವಾದೀತು. ಈ ಕಾರ್ಯವು ವೃದ್ಧಿಯಾಗುವುದು, ವಿಪುಲವಾಗಿ ವೃದ್ಧಿಯಾಗುವುದು, ಕನಿಷ್ಠಪಕ್ಷ ಒಂದೂವರೆಯಷ್ಟು ವೃದ್ಧಿಯಾಗುವುದು ಎಂದು ಶಾಸನ ಸಾರುತ್ತದೆ. ಇದನ್ನು ನಾನು ಕಲ್ಪಿಸಿದ್ದಲ್ಲ; ಬಂಡೆಯ ಮೇಲೆಯೇ ಇದೆ. ಟಾರ್ಗೆಟ್ ದೊರೆತ ಸಂಭ್ರಮದಲ್ಲಿ ಒಬ್ಬರು ಅದನ್ನು ಸ್ಲೈಡಿಗೆ ಏರಿಸುವರು, ಇನ್ನೊಬ್ಬರು ಯಾವ ಕ್ವಾರ್ಟರಿನ ಮೇಲೆ ಒಂದೂವರೆ ಎಂದು ಕೇಳುವರು, ಮತ್ತೊಬ್ಬರು ಧರ್ಮವನ್ನು ಅಳೆಯತಕ್ಕ ಮಾನದಂಡವನ್ನು ನಿರ್ಧರಿಸಲು ಹೊರಗಿನ ಸಲಹೆಗಾರರನ್ನು ನೇಮಿಸಬೇಕೆನ್ನುವರು. ಧರ್ಮವೇನೆಂದು ಕೇಳುವವರು ಬಹುಶಃ ಯಾರೂ ಇರಲಾರರು.

ಲೆಕ್ಕಪತ್ರದವರ ದೃಷ್ಟಿ ಅಷ್ಟರಲ್ಲಿ ಬೇರೊಂದು ಅಂಕೆಯ ಮೇಲೆ ಬಿದ್ದಿರುತ್ತದೆ. ಶಾಸನದಲ್ಲಿ 256 ಎಂಬ ಸಂಖ್ಯೆಯಿದೆ. ಅದು ಏನನ್ನು ಎಣಿಸುತ್ತದೆಂಬುದರಲ್ಲಿ ವಿದ್ವಾಂಸರು ವಿವಾದವನ್ನೇ ನಡೆಸಿದ್ದಾರೆ. ಚಕ್ರವರ್ತಿ ಪ್ರವಾಸದಲ್ಲಿ ಕಳೆದ ರಾತ್ರಿಗಳೆಂಬ ಅಭಿಪ್ರಾಯಕ್ಕೆ ಹೆಚ್ಚಿನ ಮನ್ನಣೆ ದೊರೆತಿದೆ. ನಮ್ಮ ಲೆಕ್ಕಪತ್ರ ವಿಭಾಗಕ್ಕಾದರೋ ಇದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ರಾತ್ರಿಗಳು 256, ವಸತಿಯ ರಸೀದಿ ಒಂದೂ ಲಗತ್ತಿಸಿಲ್ಲ, ಪೂರ್ವಾನುಮತಿ ಪಡೆದ ದಾಖಲೆಯಿಲ್ಲ, ಆದ್ದರಿಂದ ಭತ್ಯೆ ನಾಮಂಜೂರು.

ತಾಯಿತಂದೆಯರ ಸೇವೆ, ಪ್ರಾಣಿಗಳಲ್ಲಿ ದಯೆ, ಶಿಷ್ಯನಿಗೆ ಆಚಾರ್ಯನಲ್ಲಿ ಗೌರವ, ಇವನ್ನು ಕಾನೂನು ವಿಭಾಗ ಹೇಗೋ ಸಹಿಸಿಕೊಂಡೀತು. ಸತ್ಯವನ್ನು ನುಡಿಯತಕ್ಕದ್ದು ಎಂಬಲ್ಲಿ ಮಾತ್ರ, 'ಅನ್ವಯವಾಗತಕ್ಕ ನಿಯಮಗಳಿಗೆ ಒಳಪಟ್ಟು, ಪೂರ್ವಾನುಮತಿಯೊಡನೆ' ಎಂಬ ಪದಪುಂಜವನ್ನು ಸೇರಿಸದೆ ಬಿಡದು. ಇನ್ನು ಅಶೋಕನ ಹದಿಮೂರನೆಯ ಪ್ರಧಾನ ಶಿಲಾಶಾಸನ ಆ ವಿಭಾಗದವರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೊ! ಕಳಿಂಗದ ಯುದ್ಧದಲ್ಲಿ ಒಂದೂವರೆ ಲಕ್ಷ ಜನ ಸೆರೆಹೋದರು, ಒಂದು ಲಕ್ಷ ಜನ ಹತರಾದರು, ಅದರ ಎಷ್ಟೋ ಪಟ್ಟು ಜನ ಮಡಿದರು, ಅದಕ್ಕಾಗಿ ತನಗೆ ಪಶ್ಚಾತ್ತಾಪವಾಗಿದೆಯೆಂದು ಗೆದ್ದ ಅರಸನೇ ಬರೆಸಿದ ಆ ಮಾತು, 'ಸಂಬಂಧಪಟ್ಟವರಿಗೆ ಉಂಟಾಗಿರಬಹುದಾದ ಅನಾನುಕೂಲತೆಗಾಗಿ ವಿಷಾದಿಸುತ್ತೇವೆ' ಎಂಬ ಒಂದು ಸಾಲಿಗೆ ಇಳಿಯುತ್ತಿತ್ತು. ಅಶೋಕನ ಕಚೇರಿಯೂ ಈ ವಿಷಯದಲ್ಲಿ ಸಂಪೂರ್ಣ ಮುಗ್ಧವಾಗಿರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು: ಕಳಿಂಗದೊಳಗಿನ ಧೌಲಿ ಜೌಗಡಗಳಲ್ಲಿ ಆ ಹದಿಮೂರನೆಯ ಶಾಸನವನ್ನು ಕೆತ್ತಿಸಲಿಲ್ಲ, ಅಲ್ಲಿಗೆಂದೇ ಬೇರೆ ಎರಡು ಶಾಸನಗಳು ಹೊರಟುವು. ಯಾರಿಗೆ ಯಾವ ಪ್ರತಿಯನ್ನು ಕಳಿಸಬಾರದೆಂಬ ವಿವೇಕ ನಮಗಿಂತ ಬಹಳ ಹಿರಿಯದು.

ಅದೇ ಸರಣಿಯ ಹದಿನಾಲ್ಕನೆಯ ಶಾಸನವನ್ನಂತೂ ನಮ್ಮ ಕಚೇರಿಗಳ ಗೋಡೆಗಳ ಮೇಲೆ ತೂಗುಹಾಕಬೇಕು. ಈ ಧರ್ಮಲಿಪಿಗಳು ಕೆಲವೆಡೆ ಸಂಕ್ಷಿಪ್ತವಾಗಿವೆ, ಕೆಲವೆಡೆ ಮಧ್ಯಮವಾಗಿವೆ, ಕೆಲವೆಡೆ ವಿಸ್ತೃತವಾಗಿವೆ. ಕೆಲವು ಮಾತುಗಳು ಅವುಗಳ ಮಾಧುರ್ಯಕ್ಕಾಗಿಯೇ ಮತ್ತೆ ಮತ್ತೆ ಬಂದಿವೆ. ಎಲ್ಲಿಯಾದರೂ ಅಪೂರ್ಣವಾಗಿದ್ದರೆ ಅದು ಸ್ಥಳದ ಕಾರಣದಿಂದಲೋ ಲಿಪಿಕಾರನ ಪ್ರಮಾದದಿಂದಲೋ ಆಗಿರಬಹುದೆಂದು ಚಕ್ರವರ್ತಿ ಅಲ್ಲಿ ಒಪ್ಪುತ್ತಾನೆ. ಎಲ್ಲೆಡೆಯೂ ಒಂದೇ ನಮೂನೆ, ಒಂದೇ ಅಕ್ಷರದ ಗಾತ್ರ, ಲಾಂಛನದ ಸುತ್ತ ಇಂತಿಷ್ಟೇ ಖಾಲಿ ಜಾಗ ಎಂದು ಪುಸ್ತಕವನ್ನೇ ಹೊರಡಿಸುವ ನಮ್ಮ ಬ್ರಾಂಡ್ ಪಾಲಕರು ಇದನ್ನು ಓದಿದರೆ ಮೂರ್ಛೆ ಹೋದಾರು.

ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ಇದನ್ನು ಬರೆದನೆಂದಿದೆ. ಉಳಿದುದೆಲ್ಲ ಬ್ರಾಹ್ಮಿಯಲ್ಲಿದ್ದರೂ ಲಿಪಿಕಾರನೆಂಬ ಆ ಒಂದು ಪದವನ್ನು ಅವನು, ವಾಯವ್ಯದ ಗಾಂಧಾರದ ಕಡೆ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ನಡೆಯುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದನ್ನು ಓದಬಲ್ಲವರು ಇಸಿಲದಲ್ಲಿ ಎಷ್ಟು ಮಂದಿ ಇದ್ದರೊ! ಯಾವ ನಿಯಮವೂ ಅದನ್ನು ಕೇಳಿರಲಾರದು. ತನ್ನ ವಿದ್ಯೆಯನ್ನು ತೋರುವ ಸಣ್ಣ ಹೆಮ್ಮೆಯೆಂದೇ ನನ್ನ ಊಹೆ. ಅದನ್ನು ಯಾವ ಮಹಾಮಾತ್ರನೂ ಅಳಿಸಲಿಲ್ಲ. ಇನ್ನೊಂದು ಸ್ವಾರಸ್ಯವನ್ನೂ ನೋಡಿ: ಈ ಬಂಡೆಯ ಮೇಲೆ ಚಕ್ರವರ್ತಿಯ ಬಿರುದಷ್ಟೇ ಇದೆ, ಅಶೋಕನೆಂಬ ಹೆಸರಿಲ್ಲ. ಆ ಹೆಸರನ್ನು ತೋರಿಸಿಕೊಡಲು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ ಸಿಕ್ಕಬೇಕಾಯಿತು. ಗುಮಾಸ್ತೆ ಚಪಡನ ಹೆಸರು ಮಾತ್ರ ಮೊದಲಿನಿಂದಲೂ ಇಲ್ಲಿಯೇ ಇತ್ತು.

ನಮ್ಮ ಸುತ್ತೋಲೆಗಳ ಗತಿಯಾದರೋ ಇದಕ್ಕೆ ತದ್ವಿರುದ್ಧ. 'ನಿರ್ಧರಿಸಲಾಗಿದೆ' ಎಂದಿರುತ್ತದೆ, ನಿರ್ಧರಿಸಿದವರಿಲ್ಲ. 'ಗಮನಿಸಲಾಗಿದೆ' ಎಂದಿರುತ್ತದೆ, ಗಮನಿಸಿದವರಿಲ್ಲ. ತಪ್ಪು ನಡೆದಾಗಲೂ ನಡೆದಿರುತ್ತದೆಯೇ ಹೊರತು ಯಾರೂ ಮಾಡಿರುವುದಿಲ್ಲ. ಅನುಮೋದನೆಯ ಮೆಟ್ಟಿಲುಗಳು ಎಷ್ಟೇ ಇರಲಿ, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಪ್ರತಿ ಮೆಟ್ಟಿಲಿನಲ್ಲಿಯೂ ಒಬ್ಬೊಬ್ಬ ಮನುಷ್ಯನನ್ನು ಇಳಿಸಿ ಬರುವ ಪದ್ಧತಿಗೆ ಮಾತ್ರ ನಾನು ವಿರೋಧಿ.

ಅಪರಾಹ್ಣದ ಬಹಿರಂಗ ಅಧಿವೇಶನದಲ್ಲಿ ಮಂಡಿತವಾಗಲಿರುವ ಠರಾವುಗಳ ಕರಡನ್ನು ವಿಷಯ ನಿಯಾಮಕ ಸಮಿತಿಯವರು ನನಗೆ ತೋರಿಸಿದ್ದಾರೆ. ಅವುಗಳಲ್ಲಿ ಒಂದರಲ್ಲಿಯೂ ಕರ್ತೃವಿಲ್ಲ. ಊಟದ ವಿರಾಮದಲ್ಲಿ ದಯಮಾಡಿ ಅವನ್ನು ತಿದ್ದಿ, ಯಾರು ಏನನ್ನು ಯಾವ ದಿನದೊಳಗೆ ಮಾಡುವರೆಂದು ಬರೆದು, ಬರೆದವರ ಹೆಸರನ್ನೂ ಕೆಳಗೆ ಹಾಕಿ ತರಬೇಕೆಂದು ಈ ಪೀಠದಿಂದ ವಿನಂತಿಸಿಕೊಳ್ಳುತ್ತೇನೆ.