ಬಚ್ಚಲ ನೀರಿನ ವಸಂತ

ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಪ್ರಾಚೀನರು ವಿಧಿಸಿದರು. ಆ ಹದಿನೆಂಟರಲ್ಲಿ ಋತುವರ್ಣನೆಯೂ ಒಂದು. ಋತುಗಳೊಳಗೆ ವಸಂತಕ್ಕೆ ಸಲ್ಲುತ್ತಿದ್ದ ಉಪಚಾರವೇ ಬೇರೆ. ಮಾವು ಚಿಗುರಬೇಕು, ಕೋಗಿಲೆ ಕೂಗಬೇಕು, ದಕ್ಷಿಣದ ಗಾಳಿ ಬೀಸಬೇಕು. ಹಿಂದೆಯೇ ವನವಿಹಾರ, ಅದರ ಬೆನ್ನಿಗೆ ಜಲಕ್ರೀಡೆ. ಕ್ರಿ.ಶ. 941ರ ಸುಮಾರಿಗೆ ಪಂಪನು ಬನವಾಸಿಯನ್ನು ನೆನೆದು ಬರೆದ ಪದ್ಯಗಳು ಇಂದಿಗೂ ಕನ್ನಡಿಗರ ಮನಸ್ಸಿನಲ್ಲಿ ವಸಂತದ ಅಧಿಕೃತ ಚಿತ್ರವಾಗಿ ನಿಂತಿವೆ. ಮೂವತ್ತು ವರ್ಷಕ್ಕೂ ಮಿಕ್ಕಿ ಅವನ್ನು ತರಗತಿಯಲ್ಲಿ ಪಾಠ ಹೇಳಿದವನು ನಾನು. ಅವುಗಳ ಸೊಗಸಿನಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಬನವಾಸಿ ಮಲೆನಾಡಿನ ಸೆರಗಿನಲ್ಲಿರುವ ಊರು, ವರದಾ ನದಿಯ ದಂಡೆಯದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆಯ ಹುಡುಗರು ಆ ಪದ್ಯಗಳನ್ನು ಓದಿ, ಕಿಟಕಿಯಾಚೆ ಕಾದ ಬಂಡೆಯನ್ನು ನೋಡಿ, ‘ಜಲಕ್ರೀಡೆ ಎಲ್ಲಿ ಸಾರ್?’ ಎಂದು ಕೇಳಿದರೆ ಮೇಷ್ಟರು ಏನು ಹೇಳಬೇಕು?

ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಸ್ವಲ್ಪ. ಅದರಲ್ಲಿಯೂ ಹೆಚ್ಚಿನ ಪಾಲು ಭಾದ್ರಪದ ಆಶ್ವಯುಜಗಳಲ್ಲಿ ಬಿದ್ದು ಹೋಗುತ್ತದೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಹೊರಟಿತೆಂದರೆ ಮುಂದೆ ಎರಡು ತಿಂಗಳು ಆಕಾಶದಿಂದ ಹನಿಯ ಭರವಸೆಯಿಲ್ಲ. ಕೆರೆಯಂಗಳ ಬಿರಿದಿರುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ ಹಗಲೆಲ್ಲ ಕಾದು, ರಾತ್ರಿ ಹತ್ತು ಗಂಟೆಯವರೆಗೂ ತನ್ನ ಕಾವನ್ನು ಊರ ಮೇಲೆ ಬಿಡುತ್ತದೆ. ಪಾವಗಡದ ಬಿಸಿಲನ್ನಂತೂ ಈಗ ಸರ್ಕಾರವೇ ಬೆಳೆಯಾಗಿ ಕೊಯ್ಯುತ್ತಿದೆ: ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಹೂವಿಲ್ಲದ, ಎಲೆಯಿಲ್ಲದ ಆ ಗಾಜಿನ ಬಯಲಿಗೆ ‘ಉದ್ಯಾನ’ವೆಂದು ಹೆಸರಿಟ್ಟವರ ಕವಿಹೃದಯವನ್ನು ಮೆಚ್ಚಬೇಕು.

ಇಷ್ಟಾದರೂ ವಸಂತ ಇಲ್ಲಿಗೆ ಬಾರದೆ ಇಲ್ಲ. ಹೊಂಗೆ ತನ್ನ ಹಳೆಯ ಎಲೆಯನ್ನೆಲ್ಲ ಕೆಡವಿ, ಹನಿ ನೀರೂ ಕೇಳದೆ, ಎಣ್ಣೆ ಹಚ್ಚಿದಂತೆ ಹೊಳೆಯುವ ಹೊಸ ಹಸಿರನ್ನು ಹೊದೆಯುತ್ತದೆ. ಕುರುಚಲು ಗುಡ್ಡದಲ್ಲಿ ಮುತ್ತುಗ ಎಲೆಯಿಲ್ಲದೆಯೇ ಕೆಂಪಗೆ ಹೊತ್ತಿಕೊಳ್ಳುತ್ತದೆ. ಯುಗಾದಿಯ ಬೆಲ್ಲಕ್ಕೆ ಬೇಕಾದ ಬೇವಿನ ಹೂವು ಯಾರೂ ನೀರೆರೆಯದ ಮರದಿಂದಲೇ ಉದುರುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡು ಎಂಬ ಹಳ್ಳಿಯಲ್ಲಿ ಈ ದಿನಗಳಲ್ಲಿಯೇ ಬಣ್ಣದ ಕೊಕ್ಕರೆಗಳು ಬಂದು, ಮನೆಗಳ ನಡುವಣ ಹುಣಸೆಮರಗಳ ನೆತ್ತಿಯಲ್ಲಿ ಗೂಡು ಕಟ್ಟುತ್ತವೆ. ಊರವರು ಅವನ್ನು ಬಾಣಂತನಕ್ಕೆ ಬಂದ ಮಗಳಂತೆ ಕಾಯುತ್ತಾರೆ. ಇವೆಲ್ಲ ಬೇರು ಆಳಕ್ಕಿಳಿದ ಮರಗಳ ಭಾಗ್ಯ. ಕೈತೋಟದ ಗಿಡಕ್ಕೆ ಅಂಥ ಬೇರಿಲ್ಲ, ಅದು ಮನುಷ್ಯನ ಕೈಯನ್ನೇ ನೋಡಬೇಕು. ಈ ಸೀಮೆಯ ಮನುಷ್ಯನೋ, ತನ್ನ ಬಿಂದಿಗೆಯನ್ನೇ ನೋಡುತ್ತಿರುವವನು.

ಹಿಂದೆ ಆ ಬಿಂದಿಗೆ ತುಂಬುತ್ತಿದ್ದುದು ಬಹುಮಟ್ಟಿಗೆ ತಲಪರಿಗೆಗಳಿಂದ. ಈ ಮಾತನ್ನು ಇಂದಿನ ಪಟ್ಟಣವಾಸಿಗಳಿಗೆ ಬಿಡಿಸಿ ಹೇಳಬೇಕಾಗಿದೆ. ಹಳ್ಳದ ಮಗ್ಗುಲಲ್ಲೋ ಕೆರೆಯ ಆಸುಪಾಸಿನಲ್ಲೋ ಮರಳು ಮಣ್ಣನ್ನು ಆಳು ಮಟ್ಟಕ್ಕೆ ತೆಗೆದರೆ ತಾನಾಗಿ ಒಸರುವ ಸೆಲೆ, ಆ ಸೆಲೆಯಿಂದ ಕೆಳಗಿನ ಹೊಲಗಳಿಗೆ ತೋಡಿದ ಸಣ್ಣ ಕಾಲುವೆ: ಇದೇ ತಲಪರಿಗೆ. ನಮ್ಮ ಈ ನಾಲ್ಕೂ ತಾಲ್ಲೂಕುಗಳ ವೈಶಿಷ್ಟ್ಯವೆಂದು ಹಳೆಯ ಮೈಸೂರು ಗೆಜೆಟಿಯರು ಇದನ್ನು ದಾಖಲಿಸಿದೆ. ಬೇಸಿಗೆ ಬಲಿಯುವ ಮುನ್ನ ಊರವರು ಸೇರಿ ಹೂಳು ತೆಗೆಯುವುದು, ಗಂಗಮ್ಮನ ಪೂಜೆ ಮಾಡುವುದು, ನೀರುಗಂಟಿ ಪಾಳಿಯಂತೆ ನೀರು ಬಿಡುವುದು, ಇವೆಲ್ಲ ಅದರ ಸುತ್ತ ಬೆಳೆದ ಶಿಷ್ಟಾಚಾರ. ಕೊಳವೆ ಬಾವಿಗಳು ಬಂದು ನೂರಡಿ, ಐನೂರಡಿ, ಸಾವಿರ ಅಡಿ ಎಂದು ಇಳಿಯುತ್ತ ಹೋದಂತೆ ಮೇಲಿನ ಒರತೆ ಬತ್ತಿತು. ಎಷ್ಟೋ ತಲಪರಿಗೆಗಳು ಮುಚ್ಚಿಹೋದವು. ಆಳದಿಂದ ಬಂದ ನೀರಾದರೂ ಸವಿಯೇ ಎಂದರೆ, ಪಾವಗಡದ ಕಡೆ ಅದರೊಡನೆ ಫ್ಲೋರೈಡು ಬಂತು. ಜನರ ಹಲ್ಲು ಕಂದಿದವು, ಮೂಳೆ ಬಾಗಿದವು. ಕುಡಿಯುವ ನೀರನ್ನು ಕ್ಯಾನಿನಲ್ಲಿ ಕೊಂಡು ತರುವ ಮನೆಯಲ್ಲಿ ಹೂಗಿಡಕ್ಕೆ ನೀರು ಹಾಕುವುದು ಹೇಗೆ, ಯಾವ ಮುಖದಿಂದ?

ಈ ಪ್ರಶ್ನೆಗೆ ಈ ಸೀಮೆಯ ಗೃಹಿಣಿಯರು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. ಗಿಡಕ್ಕೆಂದು ನೀರು ಸೇದುವ ಪದ್ಧತಿಯೇ ಅವರಲ್ಲಿ ಇರಲಿಲ್ಲ. ಗಿಡಕ್ಕೆ ಸಲ್ಲುತ್ತಿದ್ದುದು ಒಮ್ಮೆ ಮನುಷ್ಯರಿಗೆ ಸಂದ ನೀರು. ಹಳೆಯ ಮನೆಗಳ ಹಿತ್ತಿಲನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಅದೊಂದು ಲೆಕ್ಕಾಚಾರದ ನಕ್ಷೆಯೆಂದು ತಿಳಿಯುತ್ತದೆ. ಬಚ್ಚಲ ಗೋಡೆಯ ತೂತಿನಿಂದ ಹೊರಬಿದ್ದ ನೀರು ಮೊದಲು ಸಿಕ್ಕುವುದು ಕೆಸುವಿಗೆ, ಕಾಬಾಳೆಗೆ. ಕೊಳೆಗೆ ಹೇಸದ ಜಾತಿ ಅವು. ಅಲ್ಲಿಂದ ಮುಂದೆ ಬಾಳೆಯ ಪಾತಿ. ಬಾಳೆಯ ಬುಡ ದಾಟಿ ಉಳಿದದ್ದು ತೆಂಗಿಗೆ. ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲಿ ನುಗ್ಗೆ. ಅಕ್ಕಿ ತೊಳೆದ ನೀರು ಹಸುವಿದ್ದ ಮನೆಯಲ್ಲಿ ಕಲಗಚ್ಚಿಗೆ, ಹಸುವಿಲ್ಲದ ಮನೆಯಲ್ಲಿ ಕರಿಬೇವಿಗೆ. ಸೊಪ್ಪು ತೊಳೆದ ನೀರು ದೊಡ್ಡಪತ್ರೆಗೆ. ದೇವರ ಅಭಿಷೇಕದ ನೀರು ತುಳಸಿಗೆ. ಕೈ ತೊಳೆದದ್ದು, ಚೊಂಬಿನ ತಳದಲ್ಲಿ ಉಳಿದದ್ದು, ನೆಂಟರು ಅರ್ಧ ಕುಡಿದು ಇಟ್ಟದ್ದು ಎಲ್ಲಕ್ಕೂ ಒಂದೊಂದು ಗಿಡದ ವಿಳಾಸವಿತ್ತು. ನೀರಿನ ಜಾತಿಗೂ ಗಿಡದ ಜಾತಿಗೂ ಜಾತಕ ಕೂಡಿಸುವ ಈ ವಿದ್ಯೆಯನ್ನು ಯಾವ ಶಾಲೆಯೂ ಅವರಿಗೆ ಕಲಿಸಿರಲಿಲ್ಲ. ಸೀಗೆಕಾಯಿ, ಬೂದಿ, ಹುಣಸೆಹಣ್ಣುಗಳ ಕಾಲದಲ್ಲಿ ಈ ನೀರಿನಿಂದ ಗಿಡಕ್ಕೆ ಕೆಡುಕಿರಲಿಲ್ಲವೆಂಬುದನ್ನೂ ಹೇಳಬೇಕು. ಇಂದಿನ ಸಾಬೂನುಪುಡಿಯ ನೀರನ್ನು ಎಳೆಯ ಸೊಪ್ಪಿಗೂ ಹೂವಿನ ಕುಂಡಕ್ಕೂ ಹಾಕಬಾರದು. ಕೊನೆಯ ಸಲ ಬಟ್ಟೆ ಜಾಲಿಸಿದ ತಿಳಿನೀರನ್ನು ಬಾಳೆಗೆ ಬಿಡಬಹುದು.

ಕವಿಗಳು ‘ದೋಹದ’ವೆಂಬ ಒಂದು ಸುಂದರ ಕಲ್ಪನೆ ಮಾಡಿದ್ದಾರೆ. ಬಸುರಿಗೆ ಬಯಕೆಯಿರುವಂತೆ ಮರಗಳಿಗೂ ಬಯಕೆಯುಂಟು. ತರುಣಿಯ ಪಾದದ ಒದೆತ ಬಿದ್ದರೆ ಅಶೋಕ ಹೂ ಬಿಡುತ್ತದೆ, ಅವಳ ಬಾಯಿಂದ ಉಗುಳಿದ ಮದ್ಯ ಬಿದ್ದರೆ ಬಕುಳ ಅರಳುತ್ತದೆ. ಪಾಠ ಹೇಳುವಾಗ ಇದನ್ನು ಕವಿಸಮಯವೆಂದು ಹೇಳಿ ಮುಂದೆ ಹೋಗುವುದು ವಾಡಿಕೆ. ನನಗೆ ಮಾತ್ರ ಈಚೆಗೆ ಅನ್ನಿಸುತ್ತಿದೆ: ನಮ್ಮ ಹಿತ್ತಿಲ ಕರಿಬೇವು ಹೆಂಗಸರು ತೊಳೆದು ಚೆಲ್ಲಿದ ಅಕ್ಕಿಯ ನೀರಿಗೆ ಚಿಗುರುವುದೂ ದೋಹದವೇ. ಕವಿಗಳ ಅಶೋಕವನ್ನು ಯಾರೂ ಕಂಡಿಲ್ಲ. ಕರಿಬೇವನ್ನು ದಿನವೂ ಒಗ್ಗರಣೆಗೆ ಹಾಕುತ್ತೇವೆ.

ವಸಂತದ ಹೂವೆಂದರೆ ಮಲ್ಲಿಗೆ. ಬರದ ಸೀಮೆಯವರಿಗೆ ಅದರ ಸ್ವಭಾವವನ್ನು ಅರಿತುಕೊಳ್ಳುವುದು ಇತರರಿಗಿಂತ ಸುಲಭ. ಕಾರ್ತಿಕ ಕಳೆಯುತ್ತಲೇ ಗಿಡಕ್ಕೆ ನೀರು ನಿಲ್ಲಿಸಬೇಕು. ಎಲೆ ಬಾಡಿ, ಗಿಡ ಸತ್ತಿತೇನೋ ಎಂದು ಮನೆಯವರು ಮರುಗುವ ಹೊತ್ತಿಗೆ ಅದನ್ನು ಮೊಣಕಾಲೆತ್ತರಕ್ಕೆ ಸವರಿ, ಒಣಕಡ್ಡಿ ತೆಗೆದು, ಬುಡ ಕೆದಕಿ ಬಿಸಿಲಿಗೆ ಬಿಡಬೇಕು. ಪುಷ್ಯ ಮಾಸದಲ್ಲಿ ಹಳೆಯ ಕೊಟ್ಟಿಗೆ ಗೊಬ್ಬರ ಕೊಟ್ಟು ಮತ್ತೆ ನೀರು ತೋರಿಸಿದರೆ, ಶಿವರಾತ್ರಿಯ ಆಚೆ ಈಚೆ ಪ್ರತಿ ಚಿಗುರಿನ ತುದಿಯಲ್ಲಿಯೂ ಮೊಗ್ಗು. ವರ್ಷವೆಲ್ಲ ನೀರುಂಡ ಮಲ್ಲಿಗೆ ಎಲೆಯನ್ನೇ ಬಿಡುತ್ತ ಕುಳಿತಿರುತ್ತದೆ, ಹೂವು ಕಡಿಮೆ. ದಂಡಿನ ಮಾರಮ್ಮನ ಜಾತ್ರೆಯ ದಿನಗಳಲ್ಲಿ ಮಧುಗಿರಿಯ ಸಂಜೆಗಳಿಗೆ ಬರುವ ಪರಿಮಳದ ಹಿಂದೆ ಎರಡು ತಿಂಗಳ ಉಪವಾಸವಿದೆ. ಮೊಗ್ಗನ್ನು ಬಿರಿಯುವ ಮೊದಲೇ, ಸಂಜೆಯ ಹೊತ್ತಿಗೆ ಬಿಡಿಸಿಟ್ಟರೆ ಅದು ಬುಟ್ಟಿಯಲ್ಲಿಯೇ ಅರಳುತ್ತದೆ. ಮಾತಾಡುತ್ತ ಕಟ್ಟುವವರ ಬೆರಳುಗಳ ನಡುವೆ ಅರಳುವುದೂ ಉಂಟು.

ಅರಮನೆಯ ತೋಟದ ಕಥೆಯೂ ಈ ಸೀಮೆಯಲ್ಲಿದೆ. 1687ರಲ್ಲಿ ಮೊಗಲರ ಆಡಳಿತ ಬಂದ ಮೇಲೆ ಶಿರಾ ಒಂದು ಪ್ರಾಂತದ ರಾಜಧಾನಿಯಾಯಿತು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಆಳಿದ ದಿಲಾವರ್ ಖಾನನ ಅರಮನೆ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಹೇಳುತ್ತಾರೆ. ಅಲ್ಲಿನ ಖಾನ್ ಬಾಗ್ ಎಂಬ ಉದ್ಯಾನವೇ ಹೈದರ್ ಅಲಿ 1760ರಲ್ಲಿ ಬೆಂಗಳೂರಿನಲ್ಲಿ ತೊಡಗಿಸಿದ ಲಾಲ್‌ಬಾಗಿಗೆ ಸ್ಫೂರ್ತಿಯಾಗಿರಬಹುದೆಂಬ ಮಾತೂ ಇದೆ. ಇಂದು ಲಾಲ್‌ಬಾಗನ್ನು ಅರಿಯದವರಿಲ್ಲ, ಖಾನ್ ಬಾಗನ್ನು ಕೇಳುವವರಿಲ್ಲ. ಲಾಲ್‌ಬಾಗಿಗೆ ತನ್ನದೇ ಕೆರೆ ಇದೆ. 1856ರಿಂದ ಸರ್ಕಾರಿ ಸಸ್ಯೋದ್ಯಾನವೆಂಬ ಹೆಸರು ದೊರೆತು ಒಬ್ಬರಾದ ಮೇಲೊಬ್ಬರು ನೋಡಿಕೊಂಡು ಬಂದರು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರಂತೂ ಒಂದು ಮರ ಹೂ ಮುಗಿಸುವಾಗ ಇನ್ನೊಂದು ತೊಡಗುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿಕೊಟ್ಟರು. ತೋಟವನ್ನು ಆರಂಭಿಸುವುದು ದೊರೆಗಳಿಂದ ಆದೀತು. ಅದು ಉಳಿಯುವುದು ನಿತ್ಯವೂ ನೀರು ಹಿಡಿಯುವ ಕೈಯಿಂದ.

ಆ ಬೆಂಗಳೂರಿಗೆ ನಮ್ಮ ತಾಲ್ಲೂಕುಗಳ ಜನ ಎರಡು ಮೂರು ತಲೆಮಾರಿನಿಂದ ಹೋಗಿ ನೆಲಸುತ್ತಿದ್ದಾರೆ. ಹೋದವರು ಹಿತ್ತಿಲನ್ನು ಕಟ್ಟಿಕೊಂಡು ಹೋಗಲಾರರಷ್ಟೆ. ತಾರಸಿಯ ಮೇಲೆ ಹತ್ತು ಕುಂಡ ಇಡುತ್ತಾರೆ. 2024ರ ಮಾರ್ಚ್ ತಿಂಗಳಿನಲ್ಲಿ, ಸರಿಯಾಗಿ ವಸಂತದ ಹೊಸ್ತಿಲಿನಲ್ಲಿ, ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲೂ ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಮೀರಿದವರಿಗೆ 5,000 ರೂಪಾಯಿ ದಂಡ. ಕಾವೇರಿಯ ನೀರನ್ನು ಕೊಳವೆಯಲ್ಲಿ ಹಿಡಿದು ಹುಲ್ಲುಹಾಸು ತೋಯಿಸುತ್ತಿದ್ದವರಿಗೆ ಅದು ಆಘಾತ. ಪಾವಗಡದಿಂದ ಬಂದ ಸೊಸೆಯಿದ್ದ ಮನೆಗಳಲ್ಲಿ ಏನೂ ಬದಲಾಗಿರಲಾರದು. ತರಕಾರಿ ತೊಳೆದ ಬೋಗುಣಿ ಮೆಟ್ಟಿಲು ಹತ್ತಿ ತಾರಸಿಗೆ ಹೋಗುವುದು ಆಕೆಗೆ ಹೊಸತಲ್ಲ.

ತಾರಸಿಯ ಬಿಸಿಲಿಗೆ ಒಂದೆರಡು ಉಪಾಯ. ಚೆನ್ನಾಗಿ ಬೆಂದ ಸಣ್ಣ ಮಣ್ಣಿನ ಕುಡಿಕೆಯನ್ನು ಕುಂಡದ ನಡುವೆ ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಮುಚ್ಚಿಟ್ಟರೆ ಅದು ಬೆವರುತ್ತ ಬೇರಿಗೆ ಬೇಕಾದಷ್ಟನ್ನೇ ಕೊಡುತ್ತದೆ. ಮಣ್ಣಿನ ಮೇಲೆ ತೆಂಗಿನ ನಾರನ್ನೋ ಕಡಲೆಕಾಯಿ ಸಿಪ್ಪೆಯನ್ನೋ ಹರಡಿದರೆ ತೇವ ಹಾರುವುದಿಲ್ಲ; ಕಡಲೆಕಾಯಿ ಸಿಪ್ಪೆಗೆ ನಮ್ಮ ಕಡೆ ಬರವೇ? ನೀರು ಕೊಡುವುದು ಹೊತ್ತು ಇಳಿದ ಮೇಲೆ.

ಹಿತ್ತಿಲಿಗೆ ನಿಜವಾದ ಕುತ್ತು ಬಿಸಿಲಿನಿಂದ ಬಂದುದಲ್ಲ. ನಮ್ಮ ಪಟ್ಟಣಗಳಲ್ಲಿ ಈಗ ಮನೆ ಕಟ್ಟುವವರು ಹಿತ್ತಿಲಿಗೆ ಸಿಮೆಂಟು ಹಾಸುತ್ತಾರೆ, ಬಚ್ಚಲ ನೀರನ್ನು ಕೊಳವೆಯಲ್ಲಿ ನೇರವಾಗಿ ಬೀದಿಯ ಚರಂಡಿಗೆ ಬಿಡುತ್ತಾರೆ. ಶುಚಿಯ ದೃಷ್ಟಿಯಿಂದ ಅದು ತಪ್ಪೆನ್ನಲಾರೆ. ನಿಂತ ಬಚ್ಚಲ ನೀರಿನ ಸೊಳ್ಳೆಯನ್ನು ಕಂಡವನೇ ನಾನು. ಆದರೆ ನೀರು ನಿಲ್ಲದಂತೆ, ಇಳಿಜಾರಿನಲ್ಲಿ ಬಾಳೆಯ ಬುಡಕ್ಕೆ ಹರಿಸಲು ಬೇಕಾದುದು ನಾಲ್ಕು ಮಾರು ಕೊಳವೆ, ಒಂದು ಬುಟ್ಟಿ ಜಲ್ಲಿ, ಗಾರೆಯವನಿಗೆ ಹೇಳುವ ಒಂದು ಮಾತು. ಆ ಮಾತನ್ನು ಹೇಳಬೇಕಾದುದು ತಳಪಾಯದ ಕಾಲದಲ್ಲಿ. ಗೃಹಪ್ರವೇಶದ ದಿನ ಹೇಳಿದರೆ ಕೇಳುವವರಿಲ್ಲ.

ಇನ್ನೇನು ಅಶ್ವಿನಿ ಮಳೆ, ಅದರ ಹಿಂದೆ ಭರಣಿ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂದು ರೈತರು ನಂಬಿದ ಮಳೆ ಅದು. ಮೋಡ ಕವಿದು ಧೂಳಿನ ಗಾಳಿ ಎದ್ದ ಸಂಜೆ ಈ ಊರುಗಳ ಮನೆಗಳಲ್ಲಿ ಒಂದು ಸಡಗರವೇಳುತ್ತದೆ. ಒಣಹಾಕಿದ ಸಂಡಿಗೆ ಒಳಗೆ ಬರುತ್ತದೆ; ಕೊಪ್ಪರಿಗೆ, ಬಕೀಟು, ಚೊಂಬುಗಳು ಸೂರಿನ ಕೆಳಗೆ ಹೊರಗೆ ಹೋಗುತ್ತವೆ. ಅವುಗಳ ಸಾಲಿನ ಕೊನೆಯಲ್ಲಿ, ಜಗಲಿಯ ಮೇಲೆ ನೆರಳಿನಲ್ಲಿದ್ದ ಮಲ್ಲಿಗೆಯ ಕುಂಡವನ್ನೂ ಯಾರೋ ಎತ್ತಿ ಅಂಗಳದಲ್ಲಿ ಇಟ್ಟಿರುತ್ತಾರೆ.