ಮಕ್ಕಳೊಡನೆ ಎರಡು ನಿಮಿಷ



ಶಿವಾಜಿನಗರದ ಗದ್ದಲದಲ್ಲಿ ಬೆಳೆಯುವ ಮಕ್ಕಳಿಗೆ ಮೌನವನ್ನು ಕಲಿಸುವುದೆಂತು? ಧರ್ಮೋಪದೇಶದ ತರಗತಿಯಲ್ಲಿ ನಾವು ಬಹುಕಾಲ ಮೇಜು ಕುಟ್ಟಿ "ಸುಮ್ಮನಿರಿ" ಎಂದು ಗದರಿಸಿದೆವು. ಮಕ್ಕಳು ಹೆದರಿದರೇ ಹೊರತು ಶಾಂತರಾಗಲಿಲ್ಲ.

1969ರಲ್ಲಿ ರೋಮ್ ಭಾರತದ ಪೂಜಾವಿಧಿಗಾಗಿ ಸಮ್ಮತಿಸಿದ 12 ಅಂಶಗಳಲ್ಲಿ ನೆಲದ ಮೇಲೆ ಕುಳಿತು ಭಾಗವಹಿಸುವುದೂ ಒಂದು. ಅದನ್ನು ನೆನೆದು ಒಂದು ಭಾನುವಾರ ಕುರ್ಚಿ ಬಿಟ್ಟು, ಮೊಣಕಾಲು ನೋವಿನೊಡನೆಯೇ, ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತೆವು. ಕಣ್ಣು ಮುಚ್ಚಿ, ಉಸಿರುಸಿರಿಗೂ ಯೇಸುನಾಮವನ್ನು ಸ್ಮರಿಸಿದೆವು. ಎರಡೇ ನಿಮಿಷ. ಹೊರಗೆ ಬಸ್ಸುಗಳು ಕೂಗುತ್ತಲೇ ಇದ್ದವು. "ಸ್ವಾಮಿ, ಇನ್ನೊಂದು ಸಲ" ಎಂದಿತು ಒಂದು ಮಗು.

ಜಪಸರ ಮುಗಿದೊಡನೆ ಮೊಬೈಲನ್ನು ಕೈಗೆತ್ತಿಕೊಳ್ಳುವ ತಂದೆತಾಯಿಗಳೇ, ಅದನ್ನು ಬದಿಗಿಟ್ಟು ನೀವೂ ಮಕ್ಕಳ ಪಕ್ಕದಲ್ಲಿ ಹಾಗೆಯೇ ಕುಳಿತುಕೊಳ್ಳಿ. ಮೊದಲ ದಿನ ಅವರು ಕಿಸಕ್ಕನೆ ನಕ್ಕರೆ ಗದರಿಸಬೇಡಿ. ನಮ್ಮ ತರಗತಿಯಲ್ಲೂ ನಕ್ಕಿದ್ದರು.