ಬೆಂಗಳೂರಿನ ಫುಟ್‌ಬಾಲ್ ಮತ್ತು ಪತ್ರಿಕೆಗಳು: ಅಭಿಮಾನಿಗಳ ದೂರು ಎಷ್ಟು ನ್ಯಾಯ?

(ಟಿ. ದಾಸರಹಳ್ಳಿಯಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ವಿದ್ಯಾಸಂಸ್ಥೆಯ ವೇದಿಕೆಯಲ್ಲಿ ಫುಟ್‌ಬಾಲಿಗೇನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ನಾನು ಹೇಳಹೊರಟಿರುವುದು ಆಟದ ವಿಷಯ ಮಾತ್ರವಲ್ಲ, ಆಟದ ಬಗ್ಗೆ ಬರೆಯುವ ಮತ್ತು ಓದುವ ವಿಷಯವೂ ಹೌದು. ಆದ್ದರಿಂದ ಇದು ವಿದ್ಯೆಗೆ ಸಂಬಂಧಿಸಿದ್ದೇ.

ಮೊದಲಿಗೆ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. 1911ರಲ್ಲಿ ಕಲ್ಕತ್ತದ ಮೋಹನ್ ಬಗಾನ್ ತಂಡ ಬರಿಗಾಲಿನಲ್ಲಿ ಆಡಿ, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಆದರೆ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದವರು ಯಾರು? ನಮ್ಮ ಬೆಂಗಳೂರಿನವರೇ! ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. 1891ರಲ್ಲಿ ಆರಂಭವಾದ ಆ ಪಂದ್ಯಾವಳಿಯಲ್ಲಿ ಅಲ್ಲಿಯವರೆಗೆ ಬ್ರಿಟಿಷ್ ಸೇನೆಯ ತಂಡಗಳದ್ದೇ ಮೇಲುಗೈ. ಆ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ನಮ್ಮದು. ಅಂತಿಮ ಪಂದ್ಯದಲ್ಲಿ ಎದುರಿಗಿದ್ದದ್ದು ಕಲ್ಕತ್ತದ ಮೊಹಮ್ಮದನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತ ಲೀಗ್ ಗೆದ್ದ ತಂಡ ಅದು. ಅಂಥವರನ್ನು ಸೋಲಿಸಿ ತಂದ ಕಪ್ಪನ್ನು ನಮ್ಮವರು 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಇನ್ನೊಮ್ಮೆ ಗೆದ್ದರು.

1911 ನೆನಪಿನಲ್ಲಿ ಉಳಿಯಿತು, 1937 ಮರೆಯಾಯಿತು. ಏಕೆ? ಮೋಹನ್ ಬಗಾನಿನ ಗೆಲುವನ್ನು ಬಂಗಾಳದವರು ಬರೆದರು, ಹಾಡಿದರು, ಮಕ್ಕಳಿಗೆ ಹೇಳಿದರು. ನಮ್ಮ ಗೆಲುವನ್ನು ನಾವು ಹಾಗೆ ಬರೆಯಲಿಲ್ಲ. ಇದೇ ನನ್ನ ಇಂದಿನ ಮಾತಿನ ತಿರುಳು.

ನಮ್ಮ ನಗರದ ಕೊಡುಗೆ ಅಷ್ಟಕ್ಕೇ ಮುಗಿಯುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಬೆಂಗಳೂರಿನಲ್ಲೇ ಹುಟ್ಟಿದ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದರು, 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಐವರು ಮುಂಪಡೆ ಆಟಗಾರರನ್ನು ಅಲ್ಲಿನ ಜನ 'ಪಂಚಪಾಂಡವರು' ಎಂದು ಕರೆದರು. ಅವರಲ್ಲಿ ಅಹ್ಮದ್ ಖಾನ್ ಒಬ್ಬರು. ಅವರು 2017ರಲ್ಲಿ ನಿಧನರಾದರು. ಕಲ್ಕತ್ತದಲ್ಲಿ ಇಂದಿಗೂ ಆ ಹೆಸರಿಗೆ ಬೆಲೆಯಿದೆ. ಅವರು ಹುಟ್ಟಿದ ಊರಿನ ಎಷ್ಟು ಶಾಲೆಗಳಲ್ಲಿ ಆ ಹೆಸರು ಹೇಳುತ್ತೇವೆ?

ಈಗ ಅಭಿಮಾನಿಗಳ ದೂರಿಗೆ ಬರೋಣ. ಆಸ್ಟಿನ್ ಟೌನ್, ಹಲಸೂರು, ಶಿವಾಜಿನಗರ, ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಗೌತಮಪುರ, ಹೀಗೆ ಎಲ್ಲಿ ಹೋಗಿ ಫುಟ್‌ಬಾಲ್ ಪ್ರೇಮಿಗಳನ್ನು ಮಾತಾಡಿಸಿದರೂ ಮೂರು ಮಾತುಗಳು ಕೇಳಿಬರುತ್ತವೆ.

ಮೊದಲನೆಯದು, ಸ್ಥಳೀಯ ಲೀಗ್ ಪಂದ್ಯಗಳಿಗೆ ಸಿಗುವುದು ಒಂದೆರಡು ಸಾಲು ಮಾತ್ರ, ಇಂಗ್ಲೆಂಡ್ ಮತ್ತು ಸ್ಪೇನ್ ಲೀಗಿಗೆ ಚಿತ್ರ ಸಮೇತ ಜಾಗ ಎಂಬುದು. ಎರಡನೆಯದು, ಕ್ರಿಕೆಟ್ ಎಲ್ಲವನ್ನೂ ನುಂಗಿತು ಎಂಬುದು. ಮೂರನೆಯದು ಸ್ವಲ್ಪ ಕಟುವಾದದ್ದು. ಆಟ ಚೆನ್ನಾಗಿ ನಡೆದರೆ ಸುದ್ದಿಯಲ್ಲ, ಜಗಳ ನಡೆದರೆ ಮಾತ್ರ ಸುದ್ದಿ ಎಂಬುದು.

ಮೂರನೆಯ ದೂರಿಗೆ ಅವರು ಕೊಡುವ ಉದಾಹರಣೆ 2023ರದು. ಆ ವರ್ಷ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐ.ಎಸ್.ಎಲ್. ಪಂದ್ಯವಿತ್ತು. ಹೆಚ್ಚುವರಿ ಅವಧಿಯಲ್ಲಿ ಸುನಿಲ್ ಛೇತ್ರಿ, ಎದುರಾಳಿಗಳು ಸಾಲುಗಟ್ಟಿ ನಿಲ್ಲುವ ಮೊದಲೇ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ಅದನ್ನು ಒಪ್ಪದೆ ಕೇರಳ ತಂಡ ಮೈದಾನದಿಂದ ಹೊರನಡೆಯಿತು. ಚರ್ಚೆ ವಾರಗಟ್ಟಲೆ ನಡೆಯಿತು. ಕೊನೆಗೆ ಆ ತಂಡಕ್ಕೆ 4 ಕೋಟಿ ರೂಪಾಯಿ ದಂಡವೂ ಬಿತ್ತು. ಮರುದಿನವೇ, ಅಂದರೆ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ರಾಜ್ಯ ನಾಲ್ಕು ಸಲ ಗೆದ್ದಿದ್ದ ಟ್ರೋಫಿ ಅದು. ಕೊನೆಯ ಗೆಲುವು 1968-69ರದು. 54 ವರ್ಷ ಕಾದ ಮೇಲೆ ಬಂದ ಈ ಗೆಲುವಿಗಿಂತ ಹಿಂದಿನ ದಿನದ ಜಗಳವೇ ಜನರ ಬಾಯಲ್ಲಿ ಉಳಿಯಿತು ಎಂದು ಅಭಿಮಾನಿಗಳು ನೊಂದುಕೊಳ್ಳುತ್ತಾರೆ. ರಿಯಾದ್‌ನಲ್ಲಿ ನಮ್ಮ ಪರ ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಮ್ ಮತ್ತು ರಾಬಿನ್ ಯಾದವ್. ಈ ಸಭೆಯಲ್ಲಿ ಎಷ್ಟು ಮಂದಿಗೆ ಈ ಹೆಸರುಗಳು ಗೊತ್ತು ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ದೂರಿನಲ್ಲಿ ಸತ್ಯವಿದೆ. ಆದರೆ ಒಂದು ಕಡೆಯ ಮಾತು ಕೇಳಿ ತೀರ್ಪು ಕೊಡುವುದು ವಿದ್ಯಾವಂತರ ಲಕ್ಷಣವಲ್ಲ. ಪತ್ರಿಕೆಯವರ ಕಡೆಯಿಂದಲೂ ನೋಡೋಣ. ಕ್ರೀಡಾಪುಟ ಇರುವುದು ಒಂದೋ ಎರಡೋ. 1983ರಲ್ಲಿ ಭಾರತ ಕ್ರಿಕೆಟ್ ವಿಶ್ವಕಪ್ ಗೆದ್ದಿತು, ಅದೇ ಕಾಲಕ್ಕೆ ಟಿ.ವಿ. ಮನೆಮನೆಗೆ ಬಂತು, ಓದುಗರ ಆಸಕ್ತಿಯೂ ಆ ಕಡೆ ಹೊರಳಿತು. ಇತ್ತ ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದ ಕಾಲವೂ ಹಿಂದೆ ಸರಿಯಿತು. ಭಾಷೆಯ ವಿಷಯವೂ ಇದೆ. ಫುಟ್‌ಬಾಲ್ ಬೆಳೆದದ್ದು ದಂಡು ಪ್ರದೇಶದಲ್ಲಿ, ತಮಿಳು ಮತ್ತು ಉರ್ದು ಆಡುವ ಗಲ್ಲಿಗಳಲ್ಲಿ. ಕನ್ನಡ ಪತ್ರಿಕೆಗಳ ಓದುಗರು ಹೆಚ್ಚಾಗಿ ಇದ್ದದ್ದು ಬೇರೆ ಕಡೆ. ಆಡಿದವರು ಕನ್ನಡದಲ್ಲಿ ಬರೆಯಲಿಲ್ಲ, ಕನ್ನಡದಲ್ಲಿ ಬರೆಯುವವರು ಆ ಗಲ್ಲಿಗಳಿಗೆ ಹೋದದ್ದು ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಪ್ರೇಕ್ಷಕರ ಪಾಲೂ ಇದೆ. 2018ರ ಜೂನ್‌ನಲ್ಲಿ ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ಕ್ರೀಡಾಂಗಣ ಬಹುತೇಕ ಖಾಲಿಯಾಗಿತ್ತು. ಆಗ ಛೇತ್ರಿಯವರು, ನಮ್ಮನ್ನು ಬೈಯಿರಿ, ಟೀಕಿಸಿ, ಆದರೆ ಬಂದು ನೋಡಿ ಎಂದು ಕೈಮುಗಿದು ಕೇಳಿಕೊಂಡರು. ಜೂನ್ 4ರಂದು ಕೀನ್ಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್‌ಗಳೆಲ್ಲ ಖರ್ಚಾದವು. ಅದು ಅವರ 100ನೇ ಅಂತರರಾಷ್ಟ್ರೀಯ ಪಂದ್ಯವೂ ಆಗಿತ್ತು. ಜನ ಬಂದರು, ಸುದ್ದಿಯೂ ಹಿಂದೆಯೇ ಬಂತು. ನಮ್ಮ ನಗರದಲ್ಲೂ 2013ರಲ್ಲಿ ಬೆಂಗಳೂರು ಎಫ್.ಸಿ. ಆರಂಭವಾದಾಗ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿಗಳ ಗುಂಪು ಪ್ರತಿ ಪಂದ್ಯಕ್ಕೂ ಹಾಡುತ್ತಾ ನಿಂತಿತು. ಆ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಯಿತು. ಆಟದ ಜೊತೆಗೆ ಆ ಗ್ಯಾಲರಿಯ ಚಿತ್ರಗಳೂ ಪತ್ರಿಕೆಗಳಲ್ಲಿ ಬಂದವು.

ಹಾಗಾದರೆ ನಾವೇನು ಮಾಡಬಹುದು? ದಾಸರಹಳ್ಳಿಯಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ, ಎಂ.ಜಿ. ರಸ್ತೆಯಲ್ಲಿ ಇಳಿದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋಗಬಹುದು. ವರ್ಷಕ್ಕೆ ಎರಡು ಪಂದ್ಯವನ್ನಾದರೂ ನೋಡಿ. ನೋಡಿದ್ದನ್ನು ಬರೆಯಿರಿ. ಯಾರು ಆಡಿದರು, ಯಾರು ಗೋಲು ಹೊಡೆದರು, ಎಷ್ಟನೇ ನಿಮಿಷದಲ್ಲಿ ಎಂದು ತಪ್ಪಿಲ್ಲದೆ ಹತ್ತು ಸಾಲು ಬರೆದರೂ ಸಾಕು. ಪೀಣ್ಯ, ಜಾಲಹಳ್ಳಿ ಕಡೆಯ ಮೈದಾನಗಳಲ್ಲಿ ಭಾನುವಾರ ಆಡುವ ನಮ್ಮ ಹುಡುಗರ ಪಂದ್ಯಗಳೂ ಈ ಸಂಘದ ಸಂಚಿಕೆಯಲ್ಲಿ ಅಚ್ಚಾಗಲಿ. ಸಂಪಾದಕರಿಗೆ ಪತ್ರ ಬರೆಯುವುದಾದರೆ ಬೈಗುಳ ಬೇಡ, ದಿನಾಂಕ ಮತ್ತು ಅಂಕಿ ಅಂಶ ಇರಲಿ. ಮನೆಯಲ್ಲಿ ಹಳೆಯ ತಂಡದ ಫೋಟೋ, ಪತ್ರಿಕೆಯ ತುಣುಕು, ಪದಕ ಇದ್ದರೆ ಹಿರಿಯರನ್ನು ಕೇಳಿ, ಫೋಟೋದಲ್ಲಿರುವವರ ಹೆಸರನ್ನು ಹಿಂಬದಿಯಲ್ಲಿ ಬರೆದಿಡಿ. ಕೇಳಲು ಇನ್ನು ಹೆಚ್ಚು ಕಾಲ ಉಳಿದಿಲ್ಲ. 1948ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ನೂರರ ಹತ್ತಿರ.

ಒಬ್ಬ ಹುಡುಗನ ಹೆಸರು ಅಚ್ಚಿನಲ್ಲಿ ಬಂದರೆ ಅವನ ತಂದೆ ತಾಯಿಗೆ ಆಟದ ಮೇಲೆ ಗೌರವ ಬರುತ್ತದೆ. ತಂಡದ ಹೆಸರು ಅಚ್ಚಿನಲ್ಲಿ ಉಳಿದರೆ ಊರಿಗೆ ಅದರ ನೆನಪು ಉಳಿಯುತ್ತದೆ. 1937ರ ಹನ್ನೊಂದು ಮಂದಿಗೆ ನಾವು ಮಾಡದೆ ಬಿಟ್ಟದ್ದನ್ನು ಇಂದಿನ ಹುಡುಗರಿಗಾದರೂ ಮಾಡೋಣ.